ಇನ್ನೂರ ಹದಿನಾಲ್ಕು ಊರು ಬಿಟ್ಟಿರಲಿಲ್ಲ

ಇನಾಕ್ ರೈಹಾನ್ ಮರೆಯುವ ಪೈಕಿ ಅಲ್ಲ ಎಂಬುದು ಲೆಂಡಾಂಗ್ ಸಾಬಾ ಊರಿನ ಎಲ್ಲರಿಗೂ ಗೊತ್ತಿತ್ತು. ಡಾಕ್ಟರ್ ಲಾಲು ಮುಹ್ಸಿನ್‌ಗೂ ಗೊತ್ತಿರಬೇಕಾಗಿತ್ತು, ಅವನೂ ಅಲ್ಲೇ ಹುಟ್ಟಿದವನು. ಆದರೆ ಹತ್ತು ವರ್ಷ ಜಾವಾದಲ್ಲಿ ಓದಿ ಬಂದವನಿಗೆ ತನ್ನ ಊರಿನ ಹೆಂಗಸರ ಬಗ್ಗೆ ಇದ್ದ ತಿಳಿವಳಿಕೆ ತೀರಾ ತೆಳುವಾಗಿತ್ತು.

ಅವಳ ಸ್ವಂತ ಹೆಸರು ಸೆಮಿನಾ. ಮೊದಲ ಮಗಳು ರೈಹಾನ್ ಹುಟ್ಟಿದ ಮೇಲೆ ಲೊಂಬೊಕ್ ದ್ವೀಪದ ರೂಢಿಯಂತೆ ಇನಾಕ್ ರೈಹಾನ್ ಆದಳು, ಎಂದರೆ ರೈಹಾನಳ ತಾಯಿ. ಆಮೇಲೆ ಸೆಮಿನಾ ಎಂದು ಕರೆಯುವುದಕ್ಕೆ ಉಳಿದವಳು ಹೆತ್ತ ತಾಯಿಯೊಬ್ಬಳೇ. ತಾಯಿ ಊರಿನ ಸೂಲಗಿತ್ತಿ. ಸೆಮಿನಾ ಏಳನೆಯ ವಯಸ್ಸಿಗೇ ಅವಳ ಹಿಂದೆ ಬಿಸಿನೀರಿನ ಮಡಕೆ ಹಿಡಿದು ಮನೆ ಮನೆ ಸುತ್ತಿದವಳು. ಲಾಲು ಎಂಬ ಬಿರುದಿನ ಮೇಲ್ಕುಲದವರ ದೊಡ್ಡ ಮನೆಯಲ್ಲಿ ಮುಹ್ಸಿನ್ ಹುಟ್ಟಿದಾಗ ಅವಳಿಗೆ ಹದಿನಾಲ್ಕು. ಕರುಳುಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿದ್ದು ಕೂಸು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಾಯಿ ಬಾಯಿಗೆ ಬಾಯಿಟ್ಟು ಊದಿದಳು, ಸೆಮಿನಾ ಅಂಗಾಲು ತಿಕ್ಕಿದಳು. ಬಹಳ ಹೊತ್ತಾದ ಮೇಲೆ ಅದು ಬೆಕ್ಕಿನ ಮರಿಯಂತೆ ಒಂದು ಸದ್ದು ಮಾಡಿತು.

ಮದುವೆಯಾದದ್ದು ಒಬ್ಬ ಮೀನುಗಾರನನ್ನು. ನಾಲ್ಕು ಹೆತ್ತು ಮೂರನ್ನು ಮಣ್ಣಿಗೆ ಕೊಟ್ಟಳು. "ನಿನ್ನ ಹೊಟ್ಟೇಲಿ ಗಂಡು ನಿಲ್ಲಲ್ಲ" ಎಂದು ಗಂಡ ಬಾಗಿಲಲ್ಲೇ ನಿಂತು ತಲಾಖ್ ಹೇಳಿ, ಪಕ್ಕದ ಕೇರಿಯ ಹುಡುಗಿಯೊಬ್ಬಳನ್ನು ತಂದುಕೊಂಡ. ಇವಳು ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಎರಡು ವರ್ಷ ಕಳೆದು ಆ ಹುಡುಗಿಗೆ ನೋವು ಬಂದು ಮಗು ಕಾಲು ಮುಂದಾಗಿ ಸಿಕ್ಕಿಕೊಂಡಿತು. ಹಳೆಯ ಸೂಲಗಿತ್ತಿ ಅಷ್ಟರಲ್ಲಿ ತೀರಿಕೊಂಡಿದ್ದಳು, ಕರೆಯಬೇಕಾದದ್ದು ಇವಳನ್ನೇ. ಹೋದಳು, ತಾಯಿ ಮಗು ಇಬ್ಬರನ್ನೂ ಉಳಿಸಿದಳು. ಮಗುವಿನ ಜೊತೆ ಬಿದ್ದ ಮಾಸು ಅದರ ಒಡಹುಟ್ಟಿದ್ದಂತೆ, ತಂದೆಯೇ ಅದನ್ನು ತೊಳೆದು ಹೂಳಬೇಕು. ಗಂಡ ಮಡಕೆ ಹಿಡಿದುಕೊಂಡು ಬಾವಿಕಟ್ಟೆಗೆ ಬಂದ. ಕೇರಿಯೆಲ್ಲ ನೋಡುತ್ತಿತ್ತು.

"ಇನ್ನೂ ರಕ್ತ ಇದೆ. ತೊಳಿ."

ತೊಳೆದ.

"ವಾಸನೆ ಹೋಗಿಲ್ಲ. ಹುಣಸೆಹಣ್ಣು ಹಚ್ಚಿ ತೊಳಿ."

ಹೀಗೆ ಏಳು ಸಲ ತೊಳೆಸಿದಳು. ಅವನು ಬೆವೆತು ಎದ್ದು ನಿಂತಾಗ, "ಹುಟ್ಟಿದ್ದು ಹೆಣ್ಣು. ಯಾರ ಹೊಟ್ಟೇಲಿ ಗಂಡು ನಿಲ್ಲಲ್ವೋ ಈಗ ಹೇಳು" ಎಂದು ಕೈ ತೊಳೆದುಕೊಂಡು ಹೊರಟಳು. ಅವನು ಬದುಕಿರುವವರೆಗೂ ಬಾವಿಕಟ್ಟೆಯ ಹೆಂಗಸರು ಅವನನ್ನು ಕಂಡರೆ ಹುಣಸೆಹಣ್ಣು ಬೇಕೇ ಎಂದು ಕೇಳುತ್ತಿದ್ದರು.

ಅವಳಿಗೆ ಐವತ್ತಾದ ವರ್ಷ ಲಾಲು ಮುಹ್ಸಿನ್ ಡಾಕ್ಟರಾಗಿ ಊರಿನ ಚಿಕಿತ್ಸಾಲಯಕ್ಕೆ ಬಂದ. ಅಷ್ಟು ಹೊತ್ತಿಗೆ ಅವಳು ಮೂರು ಕೇರಿಗಳ ತೂಕದ ಹೆಂಗಸಾಗಿದ್ದಳು. ತಿಂಗಳಿಗೊಂದು ದಿನ ಚಪ್ಪರಕಟ್ಟೆಯ ತೊಲೆಗೆ ತಕ್ಕಡಿ ನೇತುಹಾಕಿ, ಚಡ್ಡಿಯಂಥ ಬಟ್ಟೆಚೀಲದಲ್ಲಿ ಮಕ್ಕಳನ್ನು ಕೂರಿಸಿ, ತೂಕ ನೋಡಿ ಬರೆಯುವುದು ಅವಳ ಕೆಲಸ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಮುಹ್ಸಿನ್ ಬರುವಾಗ ರಾಜಧಾನಿಯಿಂದ ಒಂದು ಸಂಶೋಧನೆಯ ಕೆಲಸ ತಂದಿದ್ದ. ಒಂಬತ್ತು ಕೇರಿಗಳ ನಾನೂರ ಹನ್ನೆರಡು ಕೂಸುಗಳಿಗೆ ಎರಡು ವರ್ಷ ಗಂಜಿಯಲ್ಲಿ ಕಲಸಿ ಕೊಡುವ ಪುಡಿ. ಅರ್ಧ ಮನೆಗಳಿಗೆ ಹಳದಿ ಪಟ್ಟಿಯ ಪೊಟ್ಟಣ, ಅರ್ಧ ಮನೆಗಳಿಗೆ ನೀಲಿ ಪಟ್ಟಿಯದು. ಒಂದರಲ್ಲಿ ಕಬ್ಬಿಣಾಂಶದ ಸತ್ವ, ಇನ್ನೊಂದರಲ್ಲಿ ಬರೀ ಅಕ್ಕಿಹಿಟ್ಟು.

"ಯಾವುದರಲ್ಲಿ ಯಾವುದಿದೆ?" ಎಂದು ಅವಳು ಕೇಳಿದಳು.

"ನನಗೂ ಗೊತ್ತಿಲ್ಲ ಇನಾಕ್. ಗೊತ್ತಾಗಬಾರದು. ಗೊತ್ತಿದ್ರೆ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತೆ. ಸತ್ವ ತಿನ್ನೋ ಕೂಸು ದಪ್ಪಗಿದೆ ಅಂತ ಅನ್ನಿಸಿಬಿಡುತ್ತೆ. ನಾವು ಇದ್ದದ್ದನ್ನ ಇದ್ದ ಹಾಗೆ ಬರೀಬೇಕು, ಅಷ್ಟೆ. ಒಂದು ಸುಳ್ಳು ಬಿದ್ರೂ ಇಷ್ಟು ಮಕ್ಕಳ ಕಷ್ಟ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ."

ಈ ಮಾತು ಅವಳಿಗೆ ಹಿಡಿಸಿತು. ಮೂರು ಮಕ್ಕಳನ್ನು ಕಳೆದುಕೊಂಡವಳು; ಯಾಕೆ ಹೋದವು ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಈಗ ಒಂದೊಂದು ಕೂಸಿಗೂ ಒಂದು ನಂಬರು, ಒಂದು ಕಾರ್ಡು. ಜ್ವರ ಬಂದರೆ ಬರೆಯಬೇಕು, ಭೇದಿಯಾದರೆ ಎಷ್ಟು ಸಲ ಎಂದು ಬರೆಯಬೇಕು, ಸತ್ತರೆ ಒಂದೇ ದಿನದೊಳಗೆ ತಿಳಿಸಬೇಕು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದಳು. ಮಗಳು ರೈಹಾನಳ ಕೂಸು ಜೌಹರಾ ಕೂಡ ಪಟ್ಟಿಯಲ್ಲಿತ್ತು. ರೈಹಾನಳ ಗಂಡ ಮಲೇಷ್ಯಾದ ತಾಳೆತೋಟಕ್ಕೆ ದುಡಿಯಲು ಹೋಗಿದ್ದ. ಜೌಹರಾಳ ನಂಬರು ಇನ್ನೂರ ಹದಿನಾಲ್ಕು. ತಕ್ಕಡಿಯಲ್ಲಿ ಕೂರಿಸಿದರೆ ಬೇರೆ ಮಕ್ಕಳು ಕಿರುಚುತ್ತಿದ್ದವು, ಜೌಹರಾ ಕಾಲು ಕುಣಿಸಿ ಮುಳ್ಳನ್ನು ಅಲ್ಲಾಡಿಸುತ್ತಿತ್ತು. ಅಜ್ಜಿ ಅವಳ ತೂಕವನ್ನು ಯಾವಾಗಲೂ ಎರಡು ಸಲ ನೋಡುತ್ತಿದ್ದಳು. ಒಲವಿಗೆ ಹತ್ತು ಗ್ರಾಂ ಹೆಚ್ಚು ಬರೆದುಬಿಟ್ಟೇನು ಎಂಬ ಭಯ.

ಪುಡಿ ಕೊಡಲು ತೊಡಗಿದ ಹನ್ನೊಂದನೆಯ ತಿಂಗಳಲ್ಲಿ ಜೌಹರಾಳಿಗೆ ಜ್ವರ, ಭೇದಿ. ಡಾಕ್ಟರು ಔಷಧಿ ಕೊಟ್ಟ, ಎರಡು ಸಲ ಮನೆಗೂ ಬಂದು ನೋಡಿದ. ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಅಜ್ಜಿಯ ತೊಡೆಯ ಮೇಲೆ ಕಣ್ಣು ಅರ್ಧ ತೆರೆದುಕೊಂಡೇ ಹೋಯಿತು. ಮಣ್ಣಿಗೆ ಡಾಕ್ಟರೂ ಬಂದ. ಮರುದಿನ ಅವಳು ಕಾರ್ಡು ಹಿಡಿದು ಚಿಕಿತ್ಸಾಲಯಕ್ಕೆ ನಡೆದಳು.

"ಇವತ್ತೇ ಯಾಕೆ ಬಂದ್ರಿ ಇನಾಕ್?" ಡಾಕ್ಟರನ ದನಿ ಮೆತ್ತಗಿತ್ತು.

"ಒಂದು ದಿನದೊಳಗೆ ಅಂತ ನೀವೇ ಹೇಳಿದ್ರಲ್ಲ."

"ಕೊಡಿ. ನಾನೇ ಬರೀತೀನಿ. ನೀವು ಮನೆಗೆ ಹೋಗಿ ಮಗಳ ಹತ್ರ ಕೂತ್ಕೊಳ್ಳಿ." ನಂಬರು ಗುರುತು ಹಾಕಿಕೊಂಡು ಕಾರ್ಡನ್ನು ಅವಳ ಕೈಗೇ ಹಿಂದಿರುಗಿಸಿದ.

ಅವನ ಒಳ್ಳೆಯತನ ಅವಳ ಎದೆ ತುಂಬಿತು. ದಾರಿಯುದ್ದಕ್ಕೂ, ನನ್ನ ತಾಯಿ ಉಸಿರು ಕೊಟ್ಟದ್ದು ದಂಡವಾಗಲಿಲ್ಲ ಎಂದುಕೊಂಡಳು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಚಿಕಿತ್ಸಾಲಯದ ಜಗಲಿಯಲ್ಲಿ ಹೊಸ ಕಾರ್ಡುಗಳಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದಳು. ಜೋಡಿಸಲೆಂದು ಕೊಟ್ಟ ಕಟ್ಟಿನ ನಡುವೆ ರಾಜಧಾನಿಗೆ ಹೋಗುವ ದೊಡ್ಡ ಪಟ್ಟಿಯ ಹಾಳೆಗಳೂ ಬೆರೆತು ಬಂದಿದ್ದವು. ಇನ್ನೂರ ಹದಿನಾಲ್ಕು ಕಣ್ಣಿಗೆ ಬಿತ್ತು. ಮುಂದೆ ಏನು ಬರೆದಿದೆ ಎಂದು ಬೆರಳಿಟ್ಟು ಓದಿದಳು.

ಊರು ಬಿಟ್ಟಿದೆ. ತಂದೆತಾಯಿಯ ಜೊತೆ ಸುಂಬಾವಾ ದ್ವೀಪಕ್ಕೆ.

ತಪ್ಪು ಓದಿದೆನೇನೋ ಎಂದು ಮತ್ತೆ ಓದಿದಳು. ಆಮೇಲೆ ತನ್ನ ಮೂರು ಕೇರಿಗಳ ಬೇರೆ ನಂಬರುಗಳನ್ನು ಹುಡುಕಿದಳು. ಅವಳ ಲೆಕ್ಕದಲ್ಲಿ ಸತ್ತವು ಒಂಬತ್ತು; ಹಾಳೆಯಲ್ಲಿ ಸತ್ತವು ಎರಡು. ಉಳಿದ ಏಳೂ ಊರು ಬಿಟ್ಟಿದ್ದವು. ಒಂದು ಸುಂಬಾವಾಕ್ಕೆ, ಒಂದು ಬಾಲಿಗೆ, ಎರಡು ಮಲೇಷ್ಯಾಕ್ಕೆ, ಮೂರು ಜಾವಾಕ್ಕೆ. ದುಡಿಯಲು ಹೊರಗೆ ಹೋಗುವವರೇ ತುಂಬಿದ ಊರಿನಲ್ಲಿ ಯಾರೂ ಸಂಶಯಪಡದ ಸುಳ್ಳು.

ಕಿರುಚಬಹುದಾಗಿತ್ತು. ಹಾಳೆ ಹಿಡಿದು ಒಳಗೆ ನುಗ್ಗಬಹುದಾಗಿತ್ತು. ಹಾಗೆ ಮಾಡಿದರೆ, ಗುಮಾಸ್ತನ ಕೈತಪ್ಪು ಎಂದು ಅವನು ಹಣೆ ಚಚ್ಚಿಕೊಂಡು ತಿದ್ದಿಬಿಡುತ್ತಾನೆ. ತಿದ್ದಿದ ಮೇಲೆ ಅವನ ಒಂದು ಕೂದಲೂ ಕೊಂಕುವುದಿಲ್ಲ. ಅವಳು ಹಾಳೆಯನ್ನು ಇದ್ದಲ್ಲೇ ಇಟ್ಟಳು. ಅವನು ಹೊರಗೆ ಬಂದಾಗ ಕೇಳಿದಳು, "ಡಾಕ್ಟರೇ, ಸತ್ತ ಮಕ್ಕಳನ್ನ ಎಲ್ಲಿ ಬರೀತೀರಿ?"

"ಅದಕ್ಕೆ ಬೇರೆ ಕಾಗದ ಇದೆ. ನೇರ ಜಕಾರ್ತಾಕ್ಕೆ ಹೋಗುತ್ತೆ," ಎಂದ ಅವನು, ಗಡಿಯಾರ ನೋಡಿಕೊಳ್ಳುತ್ತಾ.

ನಿಜ ಹೇಳಲು ಅವಳು ಅವನಿಗೆ ಬಾಗಿಲು ತೆರೆದುಕೊಟ್ಟದ್ದು ಅದೊಂದೇ ಸಲ. ಅವನು ಒಳಗೆ ಬರಲಿಲ್ಲ.

ಆ ದಿನದಿಂದ ಒಂಬತ್ತು ತಿಂಗಳು ಅವಳು ಅವನ ಅಚ್ಚುಮೆಚ್ಚಿನ ಕೆಲಸದವಳಾಗಿಯೇ ಇದ್ದಳು. ತೂಕದ ದಿನ ತಪ್ಪಿಸಲಿಲ್ಲ. ಹೊಲದ ಮೊದಲ ಜೋಳದ ತೆನೆ ಬೇಯಿಸಿ ಅವನ ಮೇಜಿಗೆ ಒಯ್ದಿಟ್ಟಳು. ಬೂದಿ ಮುಚ್ಚಿದ ಕೆಂಡದ ಮೇಲೆ ಕೈ ಕಾಯಿಸಿಕೊಳ್ಳುತ್ತಾ ಅವನು, "ನಿಮ್ಮಂಥೋರು ಇನ್ನಿಬ್ಬರಿದ್ರೆ ಸಾಕಿತ್ತು ಇನಾಕ್" ಎನ್ನುತ್ತಿದ್ದ.

ಮೊದಲು ಹೇಳಿದ್ದು ಮಗಳಿಗೆ. ರೈಹಾನ್ ಮೀನು ಹೆರೆಯುತ್ತಿದ್ದಳು. ಕೇಳಿ ಕತ್ತಿ ಕೆಳಗಿಟ್ಟಳು.

"ಬಿಟ್ಟುಬಿಡಮ್ಮ. ಏನು ಬರೆದ್ರೆ ಏನು? ಕೂಸು ವಾಪಸ್ ಬರುತ್ತಾ?"

"ಬರಲ್ಲ."

"ಮತ್ತೆ?"

"ನನ್ನ ಮೂವರು ಹೋದಾಗ ಬರೆಯೋಕೆ ಯಾರೂ ಇರ್ಲಿಲ್ಲ. ಇದನ್ನ ಬರೆಯೋಕೆ ಒಬ್ಬ ಇದ್ದ. ಬರೆಯೋ ಕೈ ಇದ್ದೂ ನನ್ನ ಮೊಮ್ಮಗಳನ್ನ ದೋಣಿ ಹತ್ತಿಸಿಬಿಟ್ಟ. ಅವನನ್ನ ನಾನು ಬಿಡಲ್ಲ ಮಗಳೇ."

ಉಳಿದ ಆರು ಮನೆಗಳನ್ನು ಒಂದೊಂದಾಗಿ ಹೊಕ್ಕಳು. ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. ಗಂಡುಮಗು ಕಳೆದುಕೊಂಡಿದ್ದ ಇನಾಕ್ ಸಪ್ರಿ ಕೈಮುಗಿದೇಬಿಟ್ಟಳು. "ದೊಡ್ಡವರ ಮನೆ ಮಗ ಅವನು. ನಾಳೆ ನಮ್ಮತ್ತೆಗೆ ಕೆಮ್ಮು ಬಂದ್ರೆ ಯಾರ ಹತ್ರ ಹೋಗೋದು?"

"ನಿನ್ನ ಅತ್ತೆ ಕೆಮ್ಮಿ ಸತ್ರೆ ಅವಳೂ ಬಾಲಿಗೆ ಹೋದ್ಲು ಅಂತ ಬರೀತಾನೆ. ನೋಡಿಕೋ."

ಇನಾಕ್ ಸಪ್ರಿಗೆ ನಗು ಬಂತು, ನಗುತ್ತಲೇ ಅಳು ಬಂತು. ಪೆಟ್ಟಿಗೆಯಿಂದ ಮಗನ ಕಾರ್ಡು ತೆಗೆದುಕೊಟ್ಟಳು.

ಏಳು ಕಾರ್ಡುಗಳನ್ನು ಒಟ್ಟು ಮಾಡಿ ಅಕ್ಕಿಡಬ್ಬಿಯ ತಳದಲ್ಲಿಟ್ಟಳು. ಆದರೂ ಅದು ಸಾಲದು ಅನ್ನಿಸಿತು. ಕಾಗದದ ಮೇಲೆ ಕಾಗದ ಇಟ್ಟರೆ ಓದಿದವನೇ ಗೆಲ್ಲುತ್ತಾನೆ. ಸಮುದ್ರದ ದಂಡೆಯಿಂದ ಏಳು ಚಪ್ಪಟೆ ಕಲ್ಲು ಆರಿಸಿ ತಂದಳು. ದೋಣಿಗೆ ಬಳಿಯುವ ನೀಲಿ ಬಣ್ಣದಲ್ಲಿ ಒಂದೊಂದರ ಮೇಲೂ ಒಂದು ನಂಬರು ಬರೆದಳು. ತಂದೆ ಊರಲ್ಲಿದ್ದ ಕೂಸಿಗೆ ತಂದೆಯಿಂದ, ಇಲ್ಲದ ಕೂಸಿಗೆ ತಾತನಿಂದ, ಗೋರಿಯ ತಲೆದೆಸೆಗೆ ನೆಡಿಸಿದಳು. ಮಸೀದಿಯ ಗುರುಗಳು ಬಂದು ನೋಡಿ ಮುಖ ಸಿಂಡರಿಸಿದರು.

"ಇದೇನಮ್ಮ, ಗೋರಿಗೆ ನಂಬರು? ದೇವರಿಗೆ ನಂಬರು ಬೇಕಾ?"

"ದೇವರಿಗೆ ಬೇಡ ಗುರುಗಳೇ. ಗೌರ್ಮೆಂಟಿಗೆ ಬೇಕು."

ಅವರು ಗಡ್ಡ ನೀವಿಕೊಂಡು ಹೋದರು, ಕೀಳಿಸಲಿಲ್ಲ. ಡಾಕ್ಟರನ ಕುಲದವರಿಗೆ ಬೇರೆಯೇ ಸ್ಮಶಾನವಿತ್ತು. ಜೌಹರಾಳ ಮಣ್ಣಿಗೆ ಬಂದದ್ದು ಬಿಟ್ಟರೆ ಅವನು ಈ ಕಡೆ ಸುಳಿದವನಲ್ಲ.

ಎರಡನೆಯ ವರ್ಷ ಮುಗಿಯುವಾಗ ಲೆಕ್ಕ ತಾಳೆ ನೋಡಲು ಜಕಾರ್ತಾದಿಂದ ಹರ್ತಿನಿ ಎಂಬ ಹೆಂಗಸು ಬಂದಳು. ಜಾವಾದವಳು, ಐವತ್ತರ ಹತ್ತಿರ, ದಪ್ಪ ಕನ್ನಡಕ, ಸಣ್ಣ ದನಿ. ಪಂಚಾಯಿತಿ ಕಟ್ಟಡದಲ್ಲಿ ಒಂಬತ್ತು ಕೇರಿಗಳ ತಾಯಂದಿರು, ತೂಕದ ಹೆಂಗಸರು, ಊರಿನ ಹಿರಿಯರು ಎಲ್ಲ ಸೇರಿದ್ದರು. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಟ್ಟಿ ಓದಿದ: ನಾನೂರ ಹನ್ನೆರಡು ಮಕ್ಕಳಲ್ಲಿ ಊರು ಬಿಟ್ಟವು ಮೂವತ್ತೆಂಟು, ಸತ್ತವು ಒಂಬತ್ತು. ಪುಡಿ ಒಳ್ಳೆಯ ಗುಣ ತೋರಿಸುತ್ತಿದೆ ಎಂದು ಕಾಣುತ್ತದೆ, ಮುಂದಿನ ವರ್ಷ ಸುಂಬಾವಾದಲ್ಲೂ ಸಾವಿರಾರು ಮಕ್ಕಳಿಗೆ ಕೊಡುವ ಯೋಚನೆ ಇದೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನಾಕ್ ರೈಹಾನ್ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು. ಅವನು ಎಲ್ಲರೆದುರು ಬಾಯಿಬಿಟ್ಟು ಓದಲಿ ಎಂದೇ ಅವಳು ಇಷ್ಟು ದಿನ ಕಾದದ್ದು.

ಹರ್ತಿನಿ ಕನ್ನಡಕ ಸರಿಮಾಡಿಕೊಂಡಳು. "ಊರು ಬಿಟ್ಟೋರು ಸ್ವಲ್ಪ ಜಾಸ್ತಿ ಆಯ್ತು. ಕೆಲವು ಮನೆ ನೋಡೋಣ. ಇನ್ನೂರ ಹದಿನಾಲ್ಕರ ನೆಂಟರು ಯಾರಾದ್ರೂ ಇದ್ದಾರಾ? ಹೋಗಿರೋ ಜಾಗದ ವಿಳಾಸ ಬೇಕು."

ಹರ್ತಿನಿ ಏಳು ನಂಬರನ್ನೂ ಕೇಳುವವರೆಗೆ ಕಾಯಬೇಕೆಂದಿದ್ದಳು ಇನಾಕ್ ರೈಹಾನ್. ಮೊದಲಿಗೇ ಅದೇ ಬಂತು. ಎದ್ದು ನಿಂತಳು.

"ನಾನೇ ಮೇಡಂ. ಅದು ನನ್ನ ಮೊಮ್ಮಗಳು. ವಿಳಾಸ ಗೊತ್ತು."

"ಸುಂಬಾವಾದಲ್ಲಿ ಎಲ್ಲಿ?"

"ಅಷ್ಟು ದೂರ ಹೋಗಿಲ್ಲ ಮೇಡಂ. ನಡೆದೇ ಹೋಗಬಹುದು. ಮಸೀದಿ ದಾಟಿ ಸ್ವಲ್ಪ ಮುಂದೆ. ಡಾಕ್ಟರೂ ಬರ್ಲಿ."

ಬಿಸಿಲಲ್ಲಿ ಅರ್ಧ ಊರು ಹಿಂದೆ ನಡೆಯಿತು. ಮಸೀದಿಯ ಹತ್ತಿರ ಡಾಕ್ಟರಿಗೆ ದಾರಿ ಎಲ್ಲಿಗೆ ಎಂಬುದು ಹೊಳೆಯಿತು. ಹೆಜ್ಜೆ ಜೋರು ಮಾಡಿ ಅವಳ ಪಕ್ಕಕ್ಕೆ ಬಂದ.

"ಇನಾಕ್, ನಾನು ಮಕ್ಕಳನ್ನ ಕೊಂದಿಲ್ಲ," ಎಂದ ಮೆಲ್ಲಗೆ.

"ಕೊಂದೆ ಅಂತ ಯಾರಂದ್ರು? ಸತ್ತೋವನ್ನ ಬದುಕಿಸಿದ್ದೀಯ. ಅದನ್ನೇ ಕೇಳ್ತಿರೋದು." ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಸಾವು ಹತ್ತು ದಾಟಿದ್ರೆ ಕೆಲಸ ನಿಲ್ಲಿಸ್ತಾರೆ. ಪುಡಿ ಒಳ್ಳೇದು ಅಂತ ನನಗೆ ನಂಬಿಕೆ ಇತ್ತು. ಊರಿನ ಮಕ್ಕಳಿಗೇ ಒಳ್ಳೇದಾಗಲಿ ಅಂತ..."

"ನಿನ್ನ ನಂಬಿಕೆಗೆ ನನ್ನ ಕೂಸು ದೋಣಿ ಹತ್ತಬೇಕಿತ್ತಾ?"

"ನಿಮ್ಮಮ್ಮ ನನಗೆ ಉಸಿರು ಕೊಟ್ಟೋರು. ಆ ಋಣಕ್ಕಾದ್ರೂ—"

"ಆ ಮಾತು ಎತ್ತಬೇಡ. ಅವತ್ತು ನಿನ್ನ ಅಂಗಾಲು ತಿಕ್ಕಿದ ಕೈ ಇದು. ಹೊಡೆಯೋಕೆ ತಡ ಇಲ್ಲ."

ಸ್ಮಶಾನದಲ್ಲಿ ಕಣಗಿಲೆ ಗಿಡಗಳ ನೆರಳಿಗೆ ಏಳು ಪುಟ್ಟ ದಿಬ್ಬಗಳು ಅಲ್ಲಲ್ಲಿ ಇದ್ದವು. ಇನಾಕ್ ರೈಹಾನ್ ಸೆರಗಿನೊಳಗಿಂದ ಏಳು ಕಾರ್ಡು ತೆಗೆದು ಹರ್ತಿನಿಯ ಕೈಗೆ ಕೊಟ್ಟಳು. ಹರ್ತಿನಿ ಮೊದಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಂಬರು ನೋಡಿದಳು, ಕಾರ್ಡು ನೋಡಿದಳು, ತೊಡೆಯ ಮೇಲಿನ ಪಟ್ಟಿ ನೋಡಿದಳು. ಪೆನ್ನು ತೆಗೆದಳು.

"ಮೇಡಂ, ನೀವು ಬರಕೊಳ್ಳಿ. ಓದೋಕೆ ಡಾಕ್ಟರಿದ್ದಾರೆ. ನನ್ನ ಕಣ್ಣು ಮಂಜು, ಅವರ ಕಣ್ಣು ಚೆನ್ನಾಗಿದೆ," ಎಂದಳು ಇನಾಕ್ ರೈಹಾನ್. ಆಮೇಲೆ ಅವನ ಕಡೆ ತಿರುಗಿ, "ಓದಪ್ಪ," ಎಂದಳು.

ಅವನು ಹರ್ತಿನಿಯ ಕಡೆ ನೋಡಿದ. ಹಿಂದಿನಿಂದ ಇನಾಕ್ ಸಪ್ರಿಯ ದನಿ ಬಂತು, "ಓದಿ ಡಾಕ್ಟರೇ. ನಮ್ಮೋರು ಬಾಲಿಯಿಂದ ಬಂದಿದ್ದಾರೆ."

ಅವನು ಓದಿದ. ನೂರ ಎಂಬತ್ತಾರು. ಇನ್ನೂರ ಮೂರು. ಇನ್ನೂರ ಹದಿನಾಲ್ಕು. ಒಂದೊಂದು ಕಲ್ಲಿನ ಮುಂದೆಯೂ ಬಗ್ಗಬೇಕಾಗಿತ್ತು. ಬಣ್ಣ ಮಾಸಿದ ಕಡೆ ಮಂಡಿಯೂರಿ ಮಣ್ಣು ಒರೆಸಿ ನೋಡಬೇಕಾಗಿತ್ತು. ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಯಿತು. ಇನ್ನೂರ ಐವತ್ತೊಂದನ್ನು ಅವನು ತುಟಿಯಲ್ಲೇ ಓದಿದ. "ಕೇಳಿಸ್ಲಿಲ್ಲ," ಎಂದಳು ಅವಳು. ಮತ್ತೆ ಓದಿದ. ಏಳೂ ಮುಗಿದವು. ಅವಳಿಗೆ ಮೈಯೆಲ್ಲ ಹಗುರಾಯಿತು. ಆ ಹಗುರು ಸಂತೋಷವೇ ಎಂದು ಆಮೇಲೆ ರೈಹಾನ್ ಕೇಳಿದಾಗ, "ಹೌದು, ಸಂತೋಷವೇ" ಎಂದು ನಾಚಿಕೆಯಿಲ್ಲದೆ ಹೇಳಿದಳು.

ಕೆಲಸ ನಿಂತಿತು. ಬೇರೆ ಕೇರಿಗಳನ್ನೂ ಜಾಲಾಡಿದಾಗ ಸತ್ತವು ಒಂಬತ್ತಲ್ಲ, ಹತ್ತೊಂಬತ್ತು ಎಂದು ತಿಳಿಯಿತು. ಡಾಕ್ಟರನ ಪರವಾನಗಿಯನ್ನು ಮೂರು ವರ್ಷಕ್ಕೆ ಕಿತ್ತುಕೊಂಡರು. ಯಾವ ಬಣ್ಣದ ಪೊಟ್ಟಣದಲ್ಲಿ ಏನಿತ್ತು ಎಂಬ ಗುಟ್ಟು ಬಿಚ್ಚಿದ ಮೇಲೆ ಹರ್ತಿನಿ ಮತ್ತೊಮ್ಮೆ ಬಂದು ಇನಾಕ್ ರೈಹಾನಳ ಮನೆ ಮುಂದಿನ ಚಪ್ಪರಕಟ್ಟೆಯಲ್ಲಿ ಕೂತಳು. ಸತ್ತ ಹತ್ತೊಂಬತ್ತರಲ್ಲಿ ಹದಿಮೂರು ಹಳದಿ ಪಟ್ಟಿಯವು, ಕಬ್ಬಿಣಾಂಶ ತಿಂದವು. ಈ ದಂಡೆಯ ಮಲೇರಿಯಾ ಜ್ವರಕ್ಕೂ ಆ ಪುಡಿಗೂ ಕೂಡಿಬರಲಿಲ್ಲವೆಂದು ಕಾಣುತ್ತದೆ, ಸುಂಬಾವಾಕ್ಕೆ ಅದು ಹೋಗುವುದಿಲ್ಲ ಎಂದಳು. ಕನ್ನಡಕ ತೆಗೆದಿಟ್ಟು ಹೇಳಿದಳು, "ಇನ್ನೊಂದು ಮಾತು ಹೇಳಬೇಕು ಇನಾಕ್. ನಿಮ್ಮ ಜೌಹರಾಗೆ ಬಂದಿದ್ದು ನೀಲಿ. ಬರೀ ಅಕ್ಕಿಹಿಟ್ಟು. ಪುಡಿಯಿಂದ ಅಲ್ಲ ಅವಳು ಹೋಗಿದ್ದು."

ರೈಹಾನ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಪುಡಿ ಮೇಲೆ ನನಗೆ ಕೋಪ ಇರಲಿಲ್ಲ ಮೇಡಂ," ಎಂದಳು ತಾಯಿ. "ಜ್ವರದ ಮೇಲೂ ಇಲ್ಲ. ಜ್ವರಕ್ಕೆ ಬುದ್ಧಿ ಇದೆಯಾ? ಅವನಿಗಿತ್ತು."

ಊರು ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ಔಷಧಿ ಹೊತ್ತು ವಾರಕ್ಕೊಮ್ಮೆ ಬರುತ್ತಿದ್ದ ಜೀಪು ನಿಂತಿತು, ಚಿಕಿತ್ಸಾಲಯಕ್ಕೆ ಎಂಟು ತಿಂಗಳು ಡಾಕ್ಟರೇ ಬರಲಿಲ್ಲ. "ನಿನ್ನ ಹಟಕ್ಕೆ ನಮ್ಮ ಮಕ್ಕಳ ಔಷಧಿ ಹೋಯ್ತು," ಎಂದು ಕೆಲವರು ಮುಖಕ್ಕೇ ಅಂದರು. ಅವಳು ತಿರುಗಿ ಅನ್ನಲಿಲ್ಲ. ಆದರೆ ಡಾಕ್ಟರನನ್ನು ಬಿಡಲೂ ಇಲ್ಲ. ಶುಕ್ರವಾರದ ಸಂತೆ ಮುಗಿಸಿ ಹತ್ತಿರದ ದಾರಿ ಬಿಟ್ಟು ದೊಡ್ಡ ಮನೆಯ ಮುಂದಿನ ಸುತ್ತುದಾರಿ ಹಿಡಿಯುತ್ತಿದ್ದಳು. ಅವರ ಗೇಟಿನ ಎದುರು ಬುಟ್ಟಿ ಇಳಿಸಿ, ಕೂತು, ಒಂದು ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಅಗಿದು, ಎದ್ದು ಹೋಗುತ್ತಿದ್ದಳು. ಮಾತಿಲ್ಲ. ಒಂದು ದಿನ ಡಾಕ್ಟರನ ಮುದಿ ತಾಯಿ ಹೊರಗೆ ಬಂದು, "ನಿಂಗೆ ಬೇರೆ ದಾರಿ ಇಲ್ವೇನೇ?" ಎಂದು ಕೇಳಿದಳು.

"ದಾರಿ ಸರ್ಕಾರದ್ದು ಅಮ್ಮಾವ್ರೇ."

ಮೂರು ವರ್ಷ ಅವನು ಮನೆಯಲ್ಲಿ ಕೂತಿದ್ದ. ಮೂರು ವರ್ಷವೂ ಅವಳ ಶುಕ್ರವಾರ ತಪ್ಪಲಿಲ್ಲ. ಪರವಾನಗಿ ಮರಳಿ ಬಂದು ಅವನು ಪಕ್ಕದ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಾತ್ರ ಹತ್ತಿರದ ದಾರಿಗೆ ಮರಳಿದಳು.

ಹತ್ತು ವರ್ಷ ಕಳೆಯಿತು. ಹುಟ್ಟಿದ ತಿಂಗಳೊಳಗೆ ಕೂಸುಗಳು ಯಾಕೆ ಸಾಯುತ್ತವೆ ಎಂದು ತಿಳಿಯಲು ಇನ್ನೊಂದು ಸಂಶೋಧನೆ ಬಂತು. ಸಾವಿನ ಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆಯುವವರು ಬೇಕಾಗಿತ್ತು. ಹರ್ತಿನಿಯೇ ಅವಳ ಹೆಸರು ಹೇಳಿ ಕಳಿಸಿದ್ದಳು. ಅವಳು ಒಂದು ಷರತ್ತು ಹಾಕಿದಳು: ಬರೆದದ್ದನ್ನು ಹೆತ್ತವಳ ಮುಂದೆ ಗಟ್ಟಿಯಾಗಿ ಓದಬೇಕು, ಅವಳೂ ಹೆರಿಗೆ ನೋಡಿದವರೂ ಹೆಬ್ಬೆಟ್ಟು ಒತ್ತಿದ ಮೇಲೆ ತಿದ್ದಬಾರದು. ಒಪ್ಪಿದರು. ಮೂರು ವರ್ಷದಲ್ಲಿ ಐವತ್ತೆಂಟು ಮನೆಗಳಿಗೆ ಹೋಗಿ ಬಂದಳು. ಐವತ್ತೊಂಬತ್ತನೆಯದು ಡಾಕ್ಟರನ ಮನೆ.

ಅವನ ಮಗಳು ನದ್ರಾಳ ಚೊಚ್ಚಲ ಕೂಸು ಇಪ್ಪತ್ತೊಂದು ಗಂಟೆ ಬದುಕಿತ್ತು. ಮೇಲ್ವಿಚಾರಣೆಯ ಹುಡುಗಿ ಫೋನು ಮಾಡಿ, "ನೀವು ಬೇಡ ಇನಾಕ್, ಬೇರೆಯವರನ್ನ ಕಳಿಸ್ತೀನಿ," ಎಂದಳು.

"ನನ್ನ ಕೇರಿ. ನಾನೇ ಹೋಗ್ತೀನಿ."

ಹಿಂದೆ ಮೂರು ವರ್ಷ ಹೊರಗೇ ಕೂತು ನೋಡಿದ್ದ ಗೇಟನ್ನು ತೆರೆದು ಒಳಗೆ ಹೋದಳು. ಅವನ ತಲೆ ಪೂರ್ತಿ ನರೆತಿತ್ತು. ಚಾಪೆ ಹಾಸಿ, "ನೀವೇ ಬರ್ತೀರಿ ಅಂತ ಗೊತ್ತಿತ್ತು," ಎಂದ. ನದ್ರಾ ಒಳಕೋಣೆಯಲ್ಲಿ ಮಲಗಿದ್ದಳು, ಬಾಗಿಲು ತೆರೆದೇ ಇತ್ತು. ಇನಾಕ್ ರೈಹಾನ್ ಕನ್ನಡಕ ಹಾಕಿಕೊಂಡು ಮೊದಲ ಪ್ರಶ್ನೆಗೆ ಬೆರಳಿಟ್ಟಳು. ಒಟ್ಟು ಅರವತ್ತೆರಡು ಪ್ರಶ್ನೆ. ಬೇರೆ ಮನೆಗಳಲ್ಲಿ ನೋವು ನೋಡಿ ಕೆಲವನ್ನು ಬೇಗ ದಾಟಿಸುತ್ತಿದ್ದಳು. ಇಲ್ಲಿ ಒಂದನ್ನೂ ದಾಟಿಸಲಿಲ್ಲ.

"ನೀರು ಒಡೆದಿದ್ದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಆರಕ್ಕೆ."

"ಹೆರಿಗೆ ನೋಡ್ತಾ ಇದ್ದಿದ್ದು ಯಾರು?"

"ನಾನೇ."

"ದೊಡ್ಡಾಸ್ಪತ್ರೆಗೆ ಹೊರಟಿದ್ದು?"

"ಮಧ್ಯಾಹ್ನ ಒಂದು ಗಂಟೆಗೆ."

"ಕಷ್ಟ ಆಗ್ತಿದೆ ಅಂತ ಗೊತ್ತಾಗಿದ್ದು?"

ಅವನು ಬಾಗಿಲ ಕಡೆ ನೋಡಿದ. "ಏಳೂವರೆಗೆ."

"ಏಳೂವರೆಯಿಂದ ಒಂದು ಗಂಟೆ ತನಕ ಯಾಕೆ ಕಾದ್ರಿ?"

ಅವನು ಚಾಪೆಯ ಅಂಚನ್ನು ಮಡಚಿದ, ಬಿಡಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ವಾಹನ ಸಿಗಲಿಲ್ಲ ಅಂತ ಬರೀಬಹುದಾ ಇನಾಕ್?" ಎಂದ.

ಅವಳು ಪೆನ್ನು ಕೆಳಗಿಟ್ಟಳು. ಅಂಗಳದಲ್ಲಿ ಅವನ ಕಾರು ನಿಂತಿತ್ತು. ಇಬ್ಬರೂ ಅದನ್ನು ನೋಡಿದರು.

"ಏನಂತ ಬರೀಲಿ ನೀವೇ ಹೇಳಿ. ನೀವು ಹೇಳಿದ್ದನ್ನ ಬರೀತೀನಿ. ಆಮೇಲೆ ನಿಮ್ಮ ಮಗಳ ಮುಂದೆ ಗಟ್ಟಿಯಾಗಿ ಓದ್ತೀನಿ."

ಅವನು ಬಾಯಿ ತೆರೆಯುವ ಮೊದಲು ಒಳಗಿನಿಂದ ನದ್ರಾ ಮಾತಾಡಿದಳು. "ನಾನು ಎಂಟು ಗಂಟೆಗೇ ಆಸ್ಪತ್ರೆಗೆ ಹೋಗೋಣ ಅಂದೆ. ನನ್ನ ಕೈಲಾಗುತ್ತೆ, ನೀನು ಸುಮ್ನಿರು ಅಂದ್ರು ಅಪ್ಪ. ಇದ್ದದ್ದನ್ನೇ ಬರೀರಿ ಇನಾಕ್."

"ಬರೀರಿ," ಎಂದ ಅವನು.

ಬರೆದಳು. ಅರವತ್ತೆರಡೂ ಮುಗಿದ ಮೇಲೆ ಕೋಣೆಯ ಹೊಸ್ತಿಲಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದಳು. ಅವನ ಉತ್ತರಗಳನ್ನು ಅವನ ಮಾತಿನಲ್ಲೇ ಓದಿದಳು. ಕೂಸಿನ ಹೆಸರಿನ ಜಾಗ ಖಾಲಿಯಿತ್ತು. ಇಟ್ಟಿರಲಿಲ್ಲ ಎಂದಳು ನದ್ರಾ. "ಈಗಿಡು ಮಗಳೇ. ಹೆಸರಿಲ್ದೆ ಕಳಿಸಲ್ಲ ನಾನು." ನದ್ರಾ ಯೋಚಿಸಿ ಒಂದು ಹೆಸರು ಹೇಳಿದಳು, ಇನಾಕ್ ರೈಹಾನ್ ಬರೆದುಕೊಂಡಳು. ನದ್ರಾ ಹೆಬ್ಬೆಟ್ಟು ಒತ್ತಿದಳು. ಡಾಕ್ಟರು ಜೇಬಿನಿಂದ ಪೆನ್ನು ತೆಗೆದ.

"ಸಹಿ ಬೇಡ. ಐವತ್ತೆಂಟು ಮನೆಯವರೂ ಬೆರಳು ಒತ್ತಿದ್ದಾರೆ," ಎಂದು ಮಸಿಪೆಟ್ಟಿಗೆಯನ್ನು ಅವನ ಮುಂದೆ ನೂಕಿದಳು. ಅವನು ಒತ್ತಿದ. ಮಸಿ ಒರೆಸಿಕೊಳ್ಳಲು ಅವಳು ಬಟ್ಟೆ ಕೊಡಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಅನ್ನಕ್ಕೆ ಕೂತಳು. ಸಿಗಡಿ ಖಾರ ಹಚ್ಚಿದ ನೀರುಸೊಪ್ಪು, ಸುಟ್ಟ ಮೀನು. ಎರಡನೆಯ ಸಲ ಬಡಿಸಿಕೊಂಡಳು. ರೈಹಾನ್ ಅವಳ ಮುಖವನ್ನೇ ನೋಡುತ್ತಿದ್ದಳು.

"ಈಗಾದ್ರೂ ಹೊಟ್ಟೆ ತಣ್ಣಗಾಯ್ತಾ ಅಮ್ಮ?"

"ಆ ಹುಡುಗಿಗೆ ಎದೆಹಾಲು ಕಟ್ಟಿಕೊಂಡು ಕಲ್ಲಾಗಿದೆ. ನಾಳೆ ಹೋಗಿ ಬಿಸಿ ಶಾಖ ಕೊಟ್ಟು ಎಲೆ ಕಟ್ಟಿ ಬರ್ತೀನಿ."

"ಡಾಕ್ಟರು ಮನೇಲಿರ್ತಾರೆ."

"ಇರ್ಲಿ. ನೀರು ಕಾಯಿಸೋಕೆ ಯಾರಾದ್ರೂ ಬೇಕಲ್ಲ," ಎಂದು ಅವಳು ಮೀನಿನ ಮುಳ್ಳು ಬಿಡಿಸತೊಡಗಿದಳು.